ಲೇಸರ್ ಚುಕ್ಕಿ ಬಿತ್ತು ಅಂತ ಮರ ಕಡಿಯಬೇಡಿ: ಡಿಶ್‌ಗೆ ನಿಜವಾಗಿ ಏನು ಅಡ್ಡ ಬಂದಿದೆ ಎಂದು ಕಂಡುಹಿಡಿಯುವ ಬಗೆ

ಆನಗೋಡಿನ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಫ್ರೀ ಡಿಶ್ ಇತ್ತು. ಎರಡು ವಾರದಿಂದ ಚಂದನ ಬರುತ್ತಿರಲಿಲ್ಲ. ನಾನು ಹೋಗುವ ಹೊತ್ತಿಗೆ ಹಿತ್ತಲಿನ ತೆಂಗಿನ ಬುಡಕ್ಕೆ ಹಗ್ಗ, ಗರಗಸ ಬಂದು ಬಿದ್ದಿದ್ದವು. ಹಿಂದಿನ ರಾತ್ರಿ ಮೊಮ್ಮಗ ಜಾತ್ರೆಯಲ್ಲಿ ಕೊಂಡ ಲೇಸರ್ ಪೆನ್ನನ್ನು ಡಿಶ್‌ನ ನಡುವೆ ನೆಟ್ಟಗೆ ನಿಲ್ಲಿಸಿ ಒತ್ತಿದ್ದ. ಕೆಂಪು ಚುಕ್ಕಿ ಸೀದಾ ಹೋಗಿ ತೆಂಗಿನ ಗರಿಗೆ ಬಿದ್ದಿತ್ತು.

"ನೋಡಪ್ಪಾ, ಈ ಮರಾನೇ ಅಡ್ಡ ಅಂತೆ. ನಮ್ಮ ಯಜಮಾನ್ರು ನೆಟ್ಟಿದ್ದು. ಕಡಿಸಿಬಿಡ್ಲಾ?" ಅಂದರು ಅಜ್ಜಿ.

ಕಡಿಸುವ ಅಗತ್ಯವೇ ಇರಲಿಲ್ಲ. ಮರ ಡಿಶ್‌ನಿಂದ 20 ಅಡಿ ದೂರ ಇತ್ತು. ಅದರ ನೆತ್ತಿ ಡಿಶ್‌ಗಿಂತ ಸುಮಾರು 28 ಅಡಿ ಮೇಲೆ. ಸಿಗ್ನಲ್ ಇಳಿಯುವ ದಾರಿ ಆ ಜಾಗದಲ್ಲಿ 40 ಅಡಿ ಎತ್ತರದಲ್ಲಿ ಹಾದುಹೋಗುತ್ತದೆ. ಅಂದರೆ ಮರಕ್ಕೂ ದಾರಿಗೂ 12 ಅಡಿ ಅಂತರ. ದೋಷ ಇದ್ದದ್ದು ಎಲ್‌ಎನ್‌ಬಿಯ, ಅಂದರೆ ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿಯ, ಕನೆಕ್ಟರ್‌ನಲ್ಲಿ. ನೀರು ಇಳಿದು ತಂತಿ ಹಸಿರುಗಟ್ಟಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಹೊಸ ಕನೆಕ್ಟರ್ ಹಾಕಿದೆ, ಚಂದನ ಬಂತು.

ದಾವಣಗೆರೆ ಸುತ್ತಮುತ್ತ ಡಿಶ್ ಕೂರಿಸುವ ಕೆಲಸದಲ್ಲಿ ಇಂಥದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಲೇಸರ್ ಒಳ್ಳೆಯ ಸಾಧನವೇ. ಆದರೆ ನೀವು ಎಲ್ಲಿಗೆ ಹಿಡಿಯುತ್ತೀರೋ ಅಲ್ಲಿಗೆ ಮಾತ್ರ ಅದು ಹೋಗುತ್ತದೆ. ಡಿಶ್ ಎಲ್ಲಿಗೆ ನೋಡುತ್ತಿದೆ ಎಂದು ಗೊತ್ತಿಲ್ಲದೆ ಹಿಡಿದರೆ ತಪ್ಪು ಜಾಗ ತೋರಿಸುತ್ತದೆ. ಹಾಗಾಗಿ ಈ ಬರಹದಲ್ಲಿ ಲೇಸರ್ ಕೊನೆಗೆ ಬರುತ್ತದೆ. ಅದಕ್ಕೆ ಮೊದಲು ಖರ್ಚಿಲ್ಲದೆ ನೋಡಬಹುದಾದದ್ದು ಬಹಳ ಇದೆ.

ಶುರು ಮಾಡುವ ಮುಂಚೆ: ಕಣ್ಣು, ಕರೆಂಟು, ಕಾಲು

ಲೇಸರ್ ಅನ್ನು ಯಾರ ಮುಖದ ಕಡೆಗೂ ಹಿಡಿಯಬೇಡಿ. ಅದರ ಬಾಯಿಯನ್ನು ನೇರವಾಗಿ ನೋಡಬೇಡಿ. ಈ ಕೆಲಸಕ್ಕೆ 1 ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯ ಕೆಂಪು ಪೆನ್ನು ಸಾಕು. ಅದು ಅಕಸ್ಮಾತ್ ಕಣ್ಣಿಗೆ ತಾಗಿದರೂ ರೆಪ್ಪೆ ತಾನಾಗಿ ಮುಚ್ಚಿಕೊಂಡು ಕಾಪಾಡುತ್ತದೆ. ಹಸಿರು ಪೆನ್ನು ಬೇಡ. ಅಗ್ಗದ ಹಸಿರು ಪೆನ್ನುಗಳಲ್ಲಿ ಚೀಟಿಯ ಮೇಲೆ ಬರೆದದ್ದಕ್ಕಿಂತ ಶಕ್ತಿ ಜಾಸ್ತಿ ಇರುವುದುಂಟು. ಇನ್ನೊಂದು ಅಪಾಯವೂ ಇದೆ. ಇಂಥ ಹೆಚ್ಚಿನ ಪೆನ್ನುಗಳಲ್ಲಿ ಹಸಿರು ಬೆಳಕನ್ನು ಒಳಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಿಂದ ಮಾಡುತ್ತಾರೆ. ತಡೆಯುವ ಫಿಲ್ಟರ್ ಇಲ್ಲದ ಪೆನ್ನಿನಲ್ಲಿ ಆ ಕಾಣದ ಬೆಳಕೂ ಹೊರಗೆ ಬರುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ, ಅಲ್ವಾ?

ಖಾಲಿ ಆಕಾಶಕ್ಕೆ ಲೇಸರ್ ಬಿಡುವುದಂತೂ ಬೇಡವೇ ಬೇಡ. ನೆಲದಲ್ಲಿ ಸಣ್ಣದಾಗಿ ಕಾಣುವ ಚುಕ್ಕಿ ದೂರ ಹೋದಂತೆ ಅಗಲವಾಗಿ, ವಿಮಾನದ ಗಾಜಿಗೆ ಬಿದ್ದಾಗ ಪೈಲಟ್‌ನ ಕಣ್ಣು ಕೋರೈಸುತ್ತದೆ. 2023ರಿಂದ ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಇದೆ. ಚಳ್ಳಕೆರೆ ಕಡೆ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಇದೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನವನ್ನು ಇಳಿಸಿ ನೋಡಿದ್ದು ಅಲ್ಲೇ. ದಾವಣಗೆರೆ, ಚಿತ್ರದುರ್ಗ, ನಮ್ಮ ಎರಡೂ ಜಿಲ್ಲೆಯ ಆಕಾಶ ಖಾಲಿ ಇಲ್ಲ.

ಸೆಟ್‌ಟಾಪ್ ಬಾಕ್ಸ್‌ನ ಪ್ಲಗ್ ಕಿತ್ತ ಮೇಲೆಯೇ ಕೇಬಲ್ ಮುಟ್ಟಿ. ಆ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ. ನಡುವಿನ ತಂತಿಗೂ ಹೊರಗಿನ ಜಾಲರಿಗೂ ತಾಗಿಸಿಬಿಟ್ಟರೆ ಬಾಕ್ಸೇ ಹಾಳಾಗಬಹುದು. ಗುಡುಗು ಕೇಳಿಸುತ್ತಿದ್ದರೆ ತಾರಸಿ ಹತ್ತಬೇಡಿ.

ಇಡೀ ದಿನ ‘ಸಿಗ್ನಲ್ ಇಲ್ಲ’ ಎಂದೇ ಬರುತ್ತಿದೆ

ನಿನ್ನೆವರೆಗೆ ಚೆನ್ನಾಗಿ ಬರುತ್ತಿದ್ದು, ಇವತ್ತು ಬೆಳಿಗ್ಗೆಯಿಂದ ಪೂರ್ತಿ ಇಲ್ಲ ಎಂದರೆ ಮರವನ್ನು ಅನುಮಾನಿಸಬೇಡಿ. ಮರ ಒಂದೇ ರಾತ್ರಿಯಲ್ಲಿ ಬೆಳೆಯುವುದಿಲ್ಲ. ಉಪಗ್ರಹವೂ ಜಾಗ ಬದಲಿಸುವುದಿಲ್ಲ. ಫ್ರೀ ಡಿಶ್‌ನ ಜಿಸ್ಯಾಟ್-15 ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ, ನಮ್ಮ ಪಾಲಿಗೆ ಮೊಳೆ ಹೊಡೆದ ಹಾಗೆ ಒಂದೇ ಕಡೆ ನಿಂತಿದೆ. ಅದು ಹಾಗೆ ನಿಂತಿರುವಂತೆ ನೋಡಿಕೊಳ್ಳುವವರು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು. ಬದಲಾಗಿದ್ದು ಏನಿದ್ದರೂ ನಿಮ್ಮ ಮನೆಯ ಕಡೆಯೇ.

ಬಾಕ್ಸ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಹಾಕಿ. ರೀಚಾರ್ಜ್ ಮುಗಿದಿದೆಯಾ ನೋಡಿ. ಆಮೇಲೆ ಬಾಕ್ಸ್ ಹಿಂದಿನ ಕನೆಕ್ಟರ್ ಬಿಚ್ಚಿ. ನಡುವಿನ ತಂತಿ ಹೊಳೆಯುತ್ತಿರಬೇಕು, ಕನೆಕ್ಟರ್‌ನ ಅಂಚಿನಿಂದ ಒಂದೆರಡು ಮಿಲಿಮೀಟರ್ ಹೊರಗೆ ಬಂದಿರಬೇಕು. ಹಸಿರು, ಕಪ್ಪು ಅಥವಾ ತುಕ್ಕು ಕಂಡರೆ ಅರ್ಧ ಅಡಿ ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಮೇಲೆ ಎಲ್‌ಎನ್‌ಬಿಯ ತುದಿಯಲ್ಲೂ ಇದನ್ನೇ ನೋಡಿ. ಎಷ್ಟೋ ಮನೆಯಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಎಲ್‌ಎನ್‌ಬಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳವನ್ನೂ ನೋಡಿ. ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ಒಳಗೆ ನೀರು ಹೋಗುತ್ತದೆ, ಕೆಲವೊಮ್ಮೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಮುಚ್ಚಳ ಒಡೆದಿದ್ದರೆ ಎಲ್‌ಎನ್‌ಬಿ ಬದಲಿಸುವುದೇ ಸರಿ.

ಬಾಕ್ಸ್‌ನ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ಎರಡೂ ಸೊನ್ನೆ ಇದ್ದರೆ ಕೇಬಲ್, ಕನೆಕ್ಟರ್ ಅಥವಾ ಎಲ್‌ಎನ್‌ಬಿ ಕೈಕೊಟ್ಟಿದೆ. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಸೊನ್ನೆ ಇದ್ದರೆ ಕೇಬಲ್ ಸರಿ ಇದೆ, ಎಲ್‌ಎನ್‌ಬಿಗೆ ಕರೆಂಟು ಹೋಗುತ್ತಿದೆ, ಆದರೆ ಡಿಶ್‌ಗೆ ಉಪಗ್ರಹ ಕಾಣುತ್ತಿಲ್ಲ ಎಂದು ಅರ್ಥ. ಲೇಸರ್ ಬೇಕಾಗುವುದು ಈ ಎರಡನೆಯ ಸಂದರ್ಭದಲ್ಲಿ ಮಾತ್ರ.

ಕೆಲವು ಚಾನೆಲ್ ಬರುತ್ತವೆ, ಕೆಲವು ಇಲ್ಲ

ಇದು ಮರದ ಕೆಲಸ ಅಲ್ಲ. ಮರಕ್ಕೆ ಚಾನೆಲ್ ಆರಿಸಿ ತಡೆಯಲು ಬರುವುದಿಲ್ಲ. ಒಂದು ಗುಂಪಿನ ಚಾನೆಲ್‌ಗಳಿಗೆ ಬಾಕ್ಸ್ 13 ವೋಲ್ಟ್ ಕೊಡುತ್ತದೆ, ಇನ್ನೊಂದು ಗುಂಪಿಗೆ 18. ಬಾಕ್ಸ್‌ನ ಅಡಾಪ್ಟರ್ ಸೋತಿದ್ದರೆ ಅಥವಾ ಕೇಬಲ್ ಬಹಳ ಉದ್ದ, ಹಳೆಯದಾಗಿದ್ದರೆ 18 ವೋಲ್ಟ್ ಪೂರ್ತಿ ಮೇಲೆ ತಲುಪುವುದಿಲ್ಲ. ಆ ಗುಂಪು ಪೂರ್ತಿ ಹೋಗುತ್ತದೆ. ಪಕ್ಕದ ಮನೆಯ ಬಾಕ್ಸ್ ತಂದು ಹಾಕಿ ನೋಡಿ. ಬಂದರೆ ನಿಮ್ಮ ಬಾಕ್ಸ್ ದೋಷ, ಬರದಿದ್ದರೆ ಎಲ್‌ಎನ್‌ಬಿ ಅಥವಾ ಕೇಬಲ್.

ಗಾಳಿ ಬೀಸಿದಾಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ

ಇಲ್ಲಿ ಎರಡೇ ಸಾಧ್ಯತೆ: ಡಿಶ್ ಅಲ್ಲಾಡುತ್ತಿದೆ, ಇಲ್ಲವೇ ಮರ ಅಲ್ಲಾಡುತ್ತಿದೆ. ಚಿತ್ರದುರ್ಗದ ಕಡೆಯವರಿಗೆ ಆಷಾಢದ ಗಾಳಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. 60 ಸೆಂಟಿಮೀಟರ್ ಡಿಶ್‌ನ ನೋಟದ ಅಗಲ ಸುಮಾರು 3 ಡಿಗ್ರಿ ಅಷ್ಟೇ. ಕೈಗೆ ಗೊತ್ತಾಗದಷ್ಟು ಅಲ್ಲಾಡಿದರೂ ಕ್ವಾಲಿಟಿ ಬೀಳುತ್ತದೆ.

ಮೊದಲು ಡಿಶ್ ನೋಡಿ. ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ದೂಡಿ. ಕಟ್ ಕಟ್ ಸದ್ದು ಬಂದರೆ ನಟ್ಟು ಸಡಿಲ. ಆದರೆ ಕಣ್ಣಿಗೆ ಬೀಳದಂತೆ ಜಾರುವ ಡಿಶ್ ಇರುತ್ತದೆ. ಅದಕ್ಕೆ ನಾನು ಮಾಡುವುದು ಇಷ್ಟೇ. ಕ್ಲಾಂಪ್‌ನಿಂದ ಕಂಬಕ್ಕೆ ಹಾಯುವಂತೆ ಮಾರ್ಕರ್‌ನಲ್ಲಿ ಒಂದು ನೆಟ್ಟ ಗೆರೆ ಎಳೆಯುತ್ತೇನೆ. ಮೇಲೆ ಕೆಳಗೆ ಬಾಗುವ ಬ್ರಾಕೆಟ್ ಮೇಲೂ ಒಂದು. ವಾರ ಬಿಟ್ಟು ನೋಡಿದಾಗ ಗೆರೆ ಎರಡು ತುಂಡಾಗಿ ಆಚೀಚೆ ಸರಿದಿದ್ದರೆ ಡಿಶ್ ಜಾರುತ್ತಿದೆ. ಎರಡು ಗೆರೆ ಮತ್ತೆ ಕೂಡುವಂತೆ ತಿರುಗಿಸಿ, ಸ್ಪ್ಯಾನರ್‌ನಿಂದ ಬಿಗಿ ಮಾಡಿದರೆ ಡಿಶ್ ಹಳೆಯ ಜಾಗಕ್ಕೇ ಬರುತ್ತದೆ. ಕೋಟೆ ಕೆಳಗಿನ ಬೀದಿಗಳಲ್ಲಿ ಕೋತಿಗಳು ಡಿಶ್ ಮೇಲೆ ಕೂತು ತೂಗುತ್ತವೆ. ಅಲ್ಲಿ ಈ ಗೆರೆ ಬಹಳ ಉಪಯೋಗಕ್ಕೆ ಬಂದಿದೆ.

ಗೆರೆ ಸರಿಯಾಗೇ ಇದ್ದು, ಗಾಳಿಗೆ ಮಾತ್ರ ಒಡೆಯುತ್ತಿದ್ದರೆ ಮರದ ಅನುಮಾನಕ್ಕೆ ಅರ್ಥ ಇದೆ. ಕೊಂಬೆ ದಾರಿಗೆ ಬಂದು ಹೋಗುತ್ತಿರಬಹುದು. ಕ್ವಾಲಿಟಿ ಪಟ್ಟಿ ತೆರೆದಿಟ್ಟು ಒಬ್ಬರು ಒಳಗೆ ಕೂರಲಿ, ಇನ್ನೊಬ್ಬರು ಹೊರಗೆ ಮರ ನೋಡಲಿ. ಕೊಂಬೆ ಬಾಗಿದಾಗಲೇ ಪಟ್ಟಿ ಬೀಳುತ್ತಿದೆಯಾ ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿ. ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಮಳೆ ಬಂದಾಗ ಹೋಗುತ್ತದೆ

ಜೋರು ಮಳೆಯಲ್ಲಿ ಹೋಗಿ, ಮಳೆ ಕಡಿಮೆಯಾದ ಮೇಲೆ ತಾನಾಗಿ ಬಂದರೆ ಅದು ದೋಷವಲ್ಲ. ಈ ಸಿಗ್ನಲ್‌ನ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿ ಅದನ್ನು ಹೀರಿಬಿಡುತ್ತದೆ. ಸಣ್ಣ ಮಳೆಗೂ ಹೋಗುತ್ತಿದ್ದರೆ ಡಿಶ್ ಸ್ವಲ್ಪ ತಿರುಗಿದೆ, ಬಿಸಿಲಲ್ಲಿ ಹೇಗೋ ನಡೆಯುತ್ತಿದೆ ಎಂದು ತಿಳಿಯಿರಿ.

ಮಳೆ ನಿಂತು ಗಂಟೆಗಟ್ಟಲೆ ಆದರೂ ಬರದೆ, ಬಿಸಿಲೇರಿದ ಮೇಲೆ ಬಂದರೆ ಕನೆಕ್ಟರ್‌ನಲ್ಲಿ ನೀರಿದೆ, ಇಲ್ಲವೇ ಒದ್ದೆ ಎಲೆ ಅಡ್ಡ ಇದೆ. ಒಣಗಿದ ಎಲೆಗಿಂತ ನೀರು ಕುಡಿದ ಹಸಿ ಎಲೆ ಸಿಗ್ನಲ್ಲನ್ನು ಬಹಳ ಜಾಸ್ತಿ ತಡೆಯುತ್ತದೆ. ಬೇಸಿಗೆಯಲ್ಲಿ ಬೇವಿನ ಎಲೆ ಉದುರಿದ್ದಾಗ ಕೂರಿಸಿದ ಡಿಶ್ ಆರಿದ್ರಾ ಮಳೆಗೆ ಕೈಕೊಡುವುದು ಹೀಗೆ.

ಮಾರ್ಚ್‌ನಲ್ಲಿ, ದಿನಾ ಅದೇ ಹೊತ್ತಿಗೆ ಕೆಲವು ನಿಮಿಷ ಹೋಗುತ್ತದೆ

ಗಾಬರಿ ಬೇಡ. ಡಿಶ್ ಮುಟ್ಟಬೇಡಿ. ವರ್ಷಕ್ಕೆ ಎರಡು ಸಲ ಸೂರ್ಯ ನೇರವಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಅವನ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ದಾವಣಗೆರೆ, ಚಿತ್ರದುರ್ಗದಲ್ಲಿ ಇದು ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಆಚೀಚೆ ಕೆಲವು ದಿನ ನಡೆಯುತ್ತದೆ.

ಇದನ್ನು ತೊಂದರೆ ಎನ್ನುವುದಕ್ಕಿಂತ ಅವಕಾಶ ಎನ್ನುತ್ತೇನೆ. ಆ ಹೊತ್ತಿನಲ್ಲಿ ಬಿಸಿಲು ಬರುವ ದಾರಿಯೇ ಸಿಗ್ನಲ್ ಬರುವ ದಾರಿ. ಹಾಗಾಗಿ ನೆರಳು ಸುಳ್ಳು ಹೇಳುವುದಿಲ್ಲ. ಫ್ರೀ ಡಿಶ್ ಇದ್ದವರು ಮಾರ್ಚ್ ಮಧ್ಯದಲ್ಲಿ ಬೆಳಿಗ್ಗೆ 11.15ರ ಸುಮಾರಿಗೆ ತಾರಸಿಗೆ ಹೋಗಿ. ಸೂರ್ಯನನ್ನು ನೋಡಬೇಡಿ, ಡಿಶ್‌ನ ಮುಖ ನೋಡಿ. ಅದರ ಮೇಲೆ ಎಲೆಯ ನೆರಳು ಬಿದ್ದಿದ್ದರೆ ಆ ಎಲೆ ದಾರಿಯಲ್ಲಿದೆ. ಪೂರ್ತಿ ಬಿಸಿಲಿದ್ದರೆ ದಾರಿ ಖಾಲಿ. ಟಾಟಾ ಪ್ಲೇಗೆ ಮಧ್ಯಾಹ್ನ 12ರ ಹೊತ್ತು, ಏರ್‌ಟೆಲ್‌ಗೆ ಬೆಳಿಗ್ಗೆ 10ರ ಹೊತ್ತು. ಸೆಪ್ಟೆಂಬರ್ ಕೊನೆಯಲ್ಲಾದರೆ ಎಲ್ಲಕ್ಕೂ 20 ನಿಮಿಷ ಮೊದಲು. ಒಂದು ಪೈಸೆ ಖರ್ಚಿಲ್ಲ, ಯಾರ ಕಣ್ಣಿಗೂ ಅಪಾಯ ಇಲ್ಲ. ಆ ದಿನಗಳು ಹತ್ತಿರ ಇದ್ದರೆ ಲೇಸರ್ ಮರೆತುಬಿಡಿ, ಕಾಯಿರಿ.

ಲೇಸರ್ ಮರಕ್ಕೆ ಬೀಳುತ್ತಿದೆ, ಆದರೆ ಟಿವಿ ಚೆನ್ನಾಗೇ ಬರುತ್ತಿದೆ

ಅಜ್ಜಿಯ ಮನೆಯಲ್ಲಿ ಆಗಿದ್ದು ಇದರದ್ದೇ ಗೊಂದಲ. ಮನೆ ಮೇಲಿನ ಡಿಶ್‌ಗಳು ಅವುಗಳ ಮುಖ ಎತ್ತ ಇದೆಯೋ ಅತ್ತ ನೋಡುವುದಿಲ್ಲ. ಗಮನಿಸಿ, ಎಲ್‌ಎನ್‌ಬಿ ಡಿಶ್‌ನ ನಡುವೆ ಇರುವುದಿಲ್ಲ, ಕೆಳಗಿನಿಂದ ತೋಳು ಚಾಚಿಕೊಂಡಿರುತ್ತದೆ. ಮೇಲಿನಿಂದ ಬಂದ ಸಿಗ್ನಲ್ ಡಿಶ್‌ಗೆ ಬಡಿದು ಕೆಳಕ್ಕೆ ಪುಟಿದು ಅದಕ್ಕೆ ಸೇರುತ್ತದೆ. ಹೀಗಾಗಿ ಡಿಶ್ ತನ್ನ ಮುಖಕ್ಕಿಂತ ಸುಮಾರು 22ರಿಂದ 26 ಡಿಗ್ರಿ ಮೇಲಕ್ಕೆ ನೋಡುತ್ತದೆ. ಕಣ್ಣಿಗೆ 40 ಡಿಗ್ರಿಯಲ್ಲಿ ಇರುವಂತೆ ಕಂಡ ಡಿಶ್ ನಿಜಕ್ಕೂ 64 ಡಿಗ್ರಿಯಲ್ಲಿರುವ ಉಪಗ್ರಹವನ್ನು ಹಿಡಿದಿರುತ್ತದೆ. ಮುಖಕ್ಕೆ ನೆಟ್ಟಗೆ ಲೇಸರ್ ಇಟ್ಟರೆ ಅದು ಬಹಳ ಕೆಳಗಿನ ಗರಿಗೆ ಹೋಗಿ ಬೀಳುತ್ತದೆ.

ದಾವಣಗೆರೆಯಿಂದ ಲೆಕ್ಕ ಹಾಕಿದ ಕೋನಗಳು ಇಲ್ಲಿವೆ. ದಿಕ್ಕನ್ನು ಉತ್ತರದಿಂದ ಪೂರ್ವಕ್ಕೆ ಎಣಿಸಿದೆ. ಚಿತ್ರದುರ್ಗಕ್ಕೆ ಹೆಚ್ಚೂಕಡಿಮೆ ಒಂದು ಡಿಗ್ರಿ ವ್ಯತ್ಯಾಸ ಅಷ್ಟೇ.

ಡಿಡಿ ಫ್ರೀ ಡಿಶ್, 93.5 ಡಿಗ್ರಿ ಪೂರ್ವ: ದಿಕ್ಕು 128, ಎತ್ತರ 63.5
ಟಾಟಾ ಪ್ಲೇ, 83 ಡಿಗ್ರಿ: ದಿಕ್ಕು 154, ಎತ್ತರ 71
ಡಿ2ಎಚ್, 88 ಡಿಗ್ರಿ: ದಿಕ್ಕು 139, ಎತ್ತರ 68
ಡಿಶ್ ಟಿವಿ, 95 ಡಿಗ್ರಿ: ದಿಕ್ಕು 126, ಎತ್ತರ 62
ಏರ್‌ಟೆಲ್, 108.2 ಡಿಗ್ರಿ: ದಿಕ್ಕು 112, ಎತ್ತರ 49

ಇಷ್ಟು ಗೊತ್ತಿದ್ದರೆ ಟೇಪ್ ಹಿಡಿದೇ ಅರ್ಧ ತೀರ್ಮಾನ ಮಾಡಬಹುದು. ಫ್ರೀ ಡಿಶ್‌ಗೆ ಲೆಕ್ಕ ಸುಲಭ: ಅಡಿಗೆ ಎರಡಡಿ. ಮರ 15 ಅಡಿ ದೂರ ಇದ್ದರೆ ಅದರ ನೆತ್ತಿ ಡಿಶ್‌ಗಿಂತ 30 ಅಡಿ ಮೇಲೆ ಹೋಗುವವರೆಗೆ ಅಡ್ಡ ಬರುವುದಿಲ್ಲ. ಟಾಟಾ ಪ್ಲೇಗೆ ಅಡಿಗೆ ಮೂರಡಿ ಹತ್ತಿರ. ಏರ್‌ಟೆಲ್‌ಗೆ ಅಡಿಗೆ ಒಂದು ಕಾಲಡಿಗೂ ಸ್ವಲ್ಪ ಕಡಿಮೆ. ಹಾಗಾಗಿ ಮರ, ಟ್ಯಾಂಕು, ಪಕ್ಕದ ಮಹಡಿ ಅಡ್ಡ ಬರುವುದು ಏರ್‌ಟೆಲ್ ಡಿಶ್‌ಗೇ ಜಾಸ್ತಿ.

ಕೋಟೆ ಬೆಟ್ಟ ಅಡ್ಡ ಬರುತ್ತಾ ಎಂದು ಚಿತ್ರದುರ್ಗದಲ್ಲಿ ತುಂಬಾ ಜನ ಕೇಳುತ್ತಾರೆ. ಫ್ರೀ ಡಿಶ್‌ಗೆ ಬೆಟ್ಟ ಅಡ್ಡ ಬರಬೇಕಾದರೆ ಅದು ನಿಮ್ಮಿಂದ ಇರುವ ದೂರದ ಎರಡರಷ್ಟು ಎತ್ತರ ಇರಬೇಕು. ಬಂಡೆ ಮನೆಯ ಗೋಡೆಗೆ ಅಂಟಿಕೊಂಡೇ ಎದ್ದಿದ್ದರೆ ಮಾತ್ರ ಆ ಮಾತು.

ದಿಕ್ಕು ನೋಡಲು ಫೋನಿನ ದಿಕ್ಸೂಚಿ ಸಾಕು. ಆದರೆ ಡಿಶ್‌ನ ಕಂಬ, ಕಬ್ಬಿಣದ ಗ್ರಿಲ್ಲು ಹತ್ತಿರ ಹಿಡಿದರೆ ತಪ್ಪು ತೋರಿಸುತ್ತದೆ. ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ. ಕೋನಕ್ಕೆ ಮಕ್ಕಳ ಜಾಮಿಟ್ರಿ ಬಾಕ್ಸ್‌ನ ಕೋನಮಾಪಕ, ಒಂದು ದಾರ, ದಾರದ ತುದಿಗೆ ನಟ್ಟು ಇದ್ದರೆ ಆಯಿತು. ಕೋನಮಾಪಕದ ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿ, ಅದರೊಳಗಿಂದ ಮರದ ನೆತ್ತಿ ನೋಡಿ. 90ರಿಂದ ದಾರ ಎಷ್ಟು ಡಿಗ್ರಿ ಸರಿಯಿತೋ ಅಷ್ಟೇ ನೆತ್ತಿಯ ಎತ್ತರ. ಕಣ್ಣು ಡಿಶ್‌ನ ಮಟ್ಟದಲ್ಲೇ ಇರಬೇಕು.

ಕ್ವಾಲಿಟಿ ಇಲ್ಲ, ಮರವೂ ಎತ್ತರ ಇದೆ, ಖಾತ್ರಿ ಆಗುತ್ತಿಲ್ಲ

ಈಗ ಲೇಸರ್ ತೆಗೆಯಿರಿ. ನಾನು ಮಾಡುವ ರೀತಿ ಹೇಳುತ್ತೇನೆ. ಇದಕ್ಕೆ ಇಬ್ಬರು ಬೇಕು. ಕಪ್ಪು ಡ್ರಾಯಿಂಗ್ ಶೀಟ್ ಅಂಟಿಸಿದ ಒಂದು ದೊಡ್ಡ ರಟ್ಟು, ದಾರ, ಎರಡೂ ಬದಿ ಅಂಟುವ ಟೇಪು, ಮತ್ತೆ ಒಂದು ಸಣ್ಣ ಕನ್ನಡಿ ಬೇಕು. ಕನ್ನಡಿಗೆ ದೂರ ಹೋಗಬೇಡಿ. ಲಂಬಾಣಿ ಕಸೂತಿಗೆ ಹೊಲಿಯುವ ರೂಪಾಯಿ ಅಗಲದ ಕನ್ನಡಿ ಫ್ಯಾನ್ಸಿ ಅಂಗಡಿಯಲ್ಲಿ ಸಿಗುತ್ತದೆ. ಉಬ್ಬಿರದೆ ಚಪ್ಪಟೆಯಾಗಿರುವುದನ್ನು ಆರಿಸಿ.

ಡಿಶ್‌ನ ಆಕಾರಕ್ಕೆ ಒಂದು ಗುಣ ಇದೆ. ಎಲ್‌ಎನ್‌ಬಿ ಇರುವ ಜಾಗದಿಂದ ಹೊರಟ ಬೆಳಕು ಡಿಶ್‌ನ ಯಾವ ಕಡೆ ಬಡಿದರೂ, ಪುಟಿದು ಹೋಗುವುದು ಒಂದೇ ದಿಕ್ಕಿಗೆ: ಡಿಶ್ ನಿಜವಾಗಿ ನೋಡುತ್ತಿರುವ ಕಡೆಗೆ. ಸಿಗ್ನಲ್ ಬಂದ ದಾರಿಯಲ್ಲೇ ಬೆಳಕನ್ನು ವಾಪಸ್ ಕಳಿಸಿದ ಹಾಗೆ. ಆ 24 ಡಿಗ್ರಿಯ ಗೊಂದಲವೇ ಇಲ್ಲಿ ಇರುವುದಿಲ್ಲ.

ಸಂಜೆ ಮಬ್ಬುಗತ್ತಲಲ್ಲಿ ಮಾಡಿ. ಬಾಕ್ಸ್‌ನ ಪ್ಲಗ್ ಕಿತ್ತು, ಎಲ್‌ಎನ್‌ಬಿಯನ್ನು ಅದರ ಹಿಡಿಯಿಂದ ಬಿಚ್ಚಿ. ಅದು ತಿರುಗಿಸಿಟ್ಟ ಕೋನವನ್ನು ಮಾರ್ಕರ್‌ನಲ್ಲಿ ಗುರುತು ಮಾಡಿಕೊಳ್ಳಿ, ವಾಪಸ್ ಹಾಕುವಾಗ ಹಾಗೇ ಕೂರಬೇಕು. ಎಲ್‌ಎನ್‌ಬಿಯ ಮುಂದಿನ ಬಾಯಿ ಎಲ್ಲಿತ್ತೋ ಲೇಸರ್‌ನ ಬಾಯಿ ಅಲ್ಲೇ ಬರಬೇಕು. ಒಂದು ಸೆಂಟಿಮೀಟರ್ ಆಚೀಚೆ ಆದರೂ ಒಂದೂವರೆ ಡಿಗ್ರಿ ತಪ್ಪುತ್ತದೆ. ಡಿಶ್ ಒರೆಸಿ, ನಡುವೆ ಕನ್ನಡಿ ಒತ್ತಿ ಅಂಟಿಸಿ. ಟೇಪು ಮಡಿಚಿಕೊಂಡರೆ ಕನ್ನಡಿ ವಾಲುತ್ತದೆ, ಅದು ವಾಲಿದ್ದರ ಎರಡರಷ್ಟು ಬೆಳಕು ವಾಲುತ್ತದೆ.

ಲೇಸರ್ ಒತ್ತುವ ಮೊದಲೇ ಜೊತೆಗಾರ ರಟ್ಟನ್ನು ಡಿಶ್‌ನ ಮುಂದೆ, ಎರಡು ಮೂರು ಅಡಿ ಮೇಲೆ, ಓರೆಯಾಗಿ ಹಿಡಿದು ನಿಲ್ಲಬೇಕು. ಇಬ್ಬರೂ ಪಕ್ಕದಲ್ಲಿ ನಿಲ್ಲಿ, ಡಿಶ್‌ನ ಮುಂದೆ ಮುಖ ತರಬೇಡಿ. ಈಗ ಕನ್ನಡಿಗೆ ಹಿಡಿದು ಒತ್ತಿ. ರಟ್ಟಿನ ಮೇಲೆ ಕೆಂಪು ಚುಕ್ಕಿ ಮೂಡುತ್ತದೆ. ಆ ಜಾಗಕ್ಕೆ ಸೂಜಿಯಲ್ಲಿ ತೂತು ಮಾಡಿ, ಲೇಸರ್ ಆಫ್ ಮಾಡಿ ಜೇಬಿಗೆ ಹಾಕಿಕೊಳ್ಳಿ. ಲೇಸರ್‌ನ ಕೆಲಸ ಅಲ್ಲಿಗೆ ಮುಗಿಯಿತು. ಬೆಳಕು ರಟ್ಟು ದಾಟಿ ಎಲ್ಲಿಗೂ ಹೋಗಲಿಲ್ಲ.

ಕನ್ನಡಿಯಿಂದ ಆ ತೂತಿಗೆ ದಾರ ಬಿಗಿಯಾಗಿ ಎಳೆಯಿರಿ. ಅದೇ ನಿಮ್ಮ ಡಿಶ್‌ನ ನೋಟ. ದಾರದ ಪಕ್ಕಕ್ಕೆ ಫೋನಿನ ಲೆವೆಲ್ ಆ್ಯಪ್ ಹಿಡಿದರೆ ಕೋನ ಸಿಗುತ್ತದೆ. ಫ್ರೀ ಡಿಶ್‌ಗೆ 63ರಿಂದ 64 ಬಂದರೆ ಎತ್ತರ ಸರಿ. ದಾರದ ಗುಂಟ ಕಣ್ಣಿಟ್ಟು ಮೇಲೆ ನೋಡಿ, ಆಕಾಶ ಕಂಡರೆ ದಾರಿ ಖಾಲಿ. ಎಲೆ ಕಂಡರೆ, ಯಾವ ಕೊಂಬೆಯದು ಎಂದೂ ಗೊತ್ತಾಗುತ್ತದೆ. ಹಾಗಿದ್ದಾಗಲೂ ಪೂರ್ತಿ ಮರ ಬೇಡ, ಆ ಒಂದು ಕೊಂಬೆ ಸವರಿದರೆ ಸಾಕು. ಇಲ್ಲವೇ ಡಿಶ್ಶನ್ನು ನಾಲ್ಕು ಅಡಿ ಸರಿಸಿ. ಮರ ಬೆಳೆಯಲು ಇಪ್ಪತ್ತು ವರ್ಷ ಬೇಕು, ಡಿಶ್ ಸರಿಸಲು ಅರ್ಧ ದಿನ.

ದಾರ 58 ಡಿಗ್ರಿ ತೋರಿಸಿದರೆ? ಅಡ್ಡ ಏನೂ ಇಲ್ಲ, ಡಿಶ್ ಬಗ್ಗಿದೆ. ಕಂಬ ನೆಟ್ಟಗಿದೆಯಾ ಎಂದು ತೂಗುಗುಂಡು ಇಳಿಬಿಟ್ಟು ನೋಡಿ. ಕಂಬ ವಾಲಿದ್ದರೆ ಬ್ರಾಕೆಟ್ ಮೇಲಿನ ಅಂಕಿ ಸರಿ ಇದ್ದರೂ ಡಿಶ್ ತಪ್ಪು ಕಡೆ ನೋಡುತ್ತಿರುತ್ತದೆ.

ಇದರಲ್ಲೇ ಇನ್ನೊಂದು ದೋಷವೂ ಸಿಕ್ಕಿಬೀಳುತ್ತದೆ. ಕನ್ನಡಿಯನ್ನು ಡಿಶ್‌ನ ಎಡ ಅಂಚಿನ ಹತ್ತಿರ ಒಮ್ಮೆ, ಅದೇ ಮಟ್ಟದಲ್ಲಿ ಬಲ ಅಂಚಿನ ಹತ್ತಿರ ಒಮ್ಮೆ ಅಂಟಿಸಿ ನೋಡಿ. ರಟ್ಟು ಅಲ್ಲಾಡಬಾರದು. ಕನ್ನಡಿ ಇಟ್ಟ ಎರಡು ಜಾಗಗಳ ನಡುವೆ 40 ಸೆಂಟಿಮೀಟರ್ ಇದ್ದರೆ ಎರಡು ಚುಕ್ಕಿಗಳ ನಡುವೆಯೂ ಹತ್ತಿರ ಹತ್ತಿರ ಅಷ್ಟೇ ಇರಬೇಕು. ಕನ್ನಡಿಯನ್ನು ಎರಡು ಸಲ ಕಿತ್ತು ಅಂಟಿಸಿದರೂ 30ಕ್ಕೆ ಇಳಿದರೆ ಅಥವಾ 50ಕ್ಕೆ ಏರಿದರೆ ಡಿಶ್ ತಿರುಚಿಕೊಂಡಿದೆ. ಬಡಿದು ಸರಿ ಮಾಡಲು ಹೋಗಬೇಡಿ, ತಗಡು ಬದಲಿಸಿ.

ದಾರಿ ಖಾಲಿ ಕಾಣುತ್ತಿದೆ, ಆದರೂ ಸಿಗ್ನಲ್ ಇಲ್ಲ

ಬೆಳಕು ಹೋದಲ್ಲೆಲ್ಲ ಸಿಗ್ನಲ್ ಹೋಗುತ್ತದೆ ಎಂದುಕೊಳ್ಳುವುದು ತಪ್ಪು. ಬಾಲ್ಕನಿಗೆ ಹಾಕಿದ ಕಬ್ಬಿಣದ ಸೊಳ್ಳೆ ಜಾಲರಿಯ ತೂತಿನಿಂದ ಲೇಸರ್ ಸಲೀಸಾಗಿ ದಾಟುತ್ತದೆ. ಸಿಗ್ನಲ್‌ಗೆ ಅದು ಗೋಡೆಯ ಹಾಗೆ. ಕೋತಿ ಕಾಟಕ್ಕೆ ಹೊದಿಸಿದ ಸಣ್ಣ ಕಣ್ಣಿನ ತಂತಿ ಜಾಲರಿಯೂ ಅಷ್ಟೇ. ಲೋಹದ ಲೇಪನ ಇರುವ ಕಪ್ಪು ಫಿಲ್ಮ್ ಅಂಟಿಸಿದ ಗಾಜಿನ ಕಥೆಯೂ ಇದೇ. ಇದಕ್ಕೆ ತದ್ವಿರುದ್ಧವೂ ಉಂಟು. ಒಣಗಿದ ತೆಳು ಬಟ್ಟೆ ಲೇಸರ್ ತಡೆಯುತ್ತದೆ, ಸಿಗ್ನಲ್ಲನ್ನು ಅಷ್ಟಾಗಿ ತಡೆಯುವುದಿಲ್ಲ.

ಇನ್ನು ಅಗಲದ ಮಾತು. ಲೇಸರ್ ಒಂದು ಎಳೆ. ಸಿಗ್ನಲ್ ಡಿಶ್‌ನಷ್ಟೇ ದಪ್ಪದ ಕೊಳವೆಯ ಹಾಗೆ ಇಳಿಯುತ್ತದೆ. ಒಂದು ಎಳೆ ಎಲೆಯ ಸಂದಿಯಲ್ಲಿ ತೂರಿದ ಮಾತ್ರಕ್ಕೆ ಕೊಳವೆ ಪೂರ್ತಿ ಖಾಲಿ ಎಂದಲ್ಲ. ಡಿಶ್‌ನ ಮೇಲೆ, ಕೆಳಗೆ, ಎಡ, ಬಲ ಅಂಚುಗಳಿಂದಲೂ ಅದೇ ಕೋನದಲ್ಲಿ ದಾರ ಹಿಡಿದು ನೋಡಿ. ಅದರ ಸುತ್ತ ಒಂದೆರಡು ಅಡಿ ಖಾಲಿ ಇದ್ದರೆ ಒಳ್ಳೆಯದು.

ಎಲ್ಲಿಗೆ ನಿಲ್ಲಿಸಬೇಕು

ಹಂಚಿನ ಮನೆ, ಶೀಟಿನ ಮನೆ ಮೇಲೆ ಕಾಲಿಡಬೇಡಿ. ತುಳಿದ ಶೀಟು ಒಡೆದು ಬಿದ್ದವರನ್ನು ನೋಡಿದ್ದೇನೆ. ಅಂಥ ಮನೆಗೆ ಡಿಶ್ಶನ್ನು ಗೋಡೆಗೆ ಇಳಿಸಿಕೊಡಿ ಎಂದು ಕೂರಿಸುವವರಿಗೆ ಕೇಳಿ, ಮಾಡಿಕೊಡುತ್ತಾರೆ.

ತಾರಸಿಯ ಹತ್ತಿರ ಕರೆಂಟಿನ ತಂತಿ ಹಾದುಹೋಗಿದ್ದರೆ ಕಬ್ಬಿಣದ ಕಂಬ, ಉದ್ದ ಪೈಪು, ಏಣಿ ಎತ್ತಬೇಡಿ. ಸವರಬೇಕಾದ ಕೊಂಬೆ ತಂತಿಗೆ ತಾಗುವಂತಿದ್ದರೆ ಅದು ನಿಮ್ಮ ಕೆಲಸ ಅಲ್ಲ, ನನ್ನ ಕೆಲಸವೂ ಅಲ್ಲ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಬೀದಿ ಬದಿಯ ಮರವಾದರೆ ಮೊದಲು ಪಾಲಿಕೆಗೆ ಅಥವಾ ಪಂಚಾಯಿತಿಗೆ ತಿಳಿಸಿ.

ಡಿಶ್‌ನ ಕೋನ ಸರಿ ಇದೆ, ದಾರಿ ಖಾಲಿ ಇದೆ, ಕನೆಕ್ಟರ್ ಹೊಸದು, ಬೇರೆ ಬಾಕ್ಸ್ ಹಾಕಿದರೂ ಕ್ವಾಲಿಟಿ ಇಲ್ಲ ಎಂದಾದರೆ ಇನ್ನು ತಿರುಗಿಸುತ್ತಾ ಕೂರಬೇಡಿ. ಮೀಟರ್ ಇರುವವರನ್ನು ಕರೆಯಿರಿ. ನೀವು ನೋಡಿದ್ದನ್ನೆಲ್ಲ ಅವರಿಗೆ ಹೇಳಿ, ಅವರ ಅರ್ಧ ಗಂಟೆ ಉಳಿಯುತ್ತದೆ.

ಯಾರ ಕಣ್ಣಿಗಾದರೂ ಲೇಸರ್ ಬಿದ್ದು, ನೋಟದಲ್ಲಿ ಕಪ್ಪು ಚುಕ್ಕಿ ಅಥವಾ ಮಬ್ಬು ಉಳಿದರೆ ಕಣ್ಣು ಉಜ್ಜಬೇಡಿ, ಮನೆಮದ್ದು ಹಾಕಬೇಡಿ. ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಪೆನ್ನನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.